ಮೊಲದ ಕಾಟಕ್ಕೆ ನಮ್ಮ ಯಜಮಾನರು ಹೊಡೆದ ಮದ್ದು

ಬೆಳಿಗ್ಗೆ ಹಿಪ್ಪುನೇರಳೆ ತೋಟಕ್ಕೆ ಹೋಗಿ ನೋಡಿದರೆ ಅಂಚಿನ ನಾಲ್ಕು ಸಾಲಿನಲ್ಲಿ ಚಿಗುರೇ ಇಲ್ಲ. ಯಾರೋ ಕತ್ತರಿ ಹಿಡಿದು ಓರೆಯಾಗಿ ಕತ್ತರಿಸಿದ ಹಾಗಿದೆ. ಬುಡದಲ್ಲಿ ಗುಂಡುಗುಂಡಾದ ಹಿಕ್ಕೆ.

ಮೊಲ.

ಚಿಕ್ಕರಸಿನಕೆರೆ ಹತ್ತಿರ ನಮ್ಮದು ಅರ್ಧ ಎಕರೆ ತೋಟ. ತೋಟ ಯಜಮಾನರ ಪಾಲು, ರೇಷ್ಮೆ ಹುಳದ ಮನೆ ನನ್ನ ಪಾಲು. ಈ ಸಲದ ಗೂಡು ಮಾರಿ ಮಗಳನ್ನು ಮಂಡ್ಯದ ಕಾಲೇಜಿಗೆ ಸೇರಿಸಿ, ಹಾಸ್ಟೆಲಿನಲ್ಲೇ ಇರಿಸಬೇಕು ಎಂದು ಮಾತಾಗಿತ್ತು. ಹಾಗಾಗಿ ಒಂದೊಂದು ಎಲೆಯೂ ನನಗೆ ಮುಖ್ಯ.

"ಸುತ್ತ ಒಂದು ಬಲೆ ಕಟ್ಟಿ. ಮಂಡಿಯುದ್ದ ಇದ್ರೆ ಸಾಕು" ಅಂದೆ.

ಹೆಂಡತಿ ಹೇಳಿದ್ದು, ಅದೂ ಇಷ್ಟು ಸುಲಭವಾದದ್ದು... ಅದು ಹೇಗೆ ಸರಿ ಇರಲು ಸಾಧ್ಯ? ಯಜಮಾನರು ಸೀದಾ ಟೀ ಅಂಗಡಿಗೆ ಹೋದರು.

ಅಲ್ಲಿ ಅವರ ಗೆಳೆಯ ನಿಂಗರಾಜಣ್ಣ ಇದ್ದಾರೆ. ಕರೆಂಟಿನಿಂದ ಹಿಡಿದು ಕಾವೇರಿ ನೀರಿನ ತನಕ ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ. ಅವರದೇ ಹೊಲ ಮಾತ್ರ ಮೂರು ವರ್ಷದಿಂದ ಬೀಳು ಬಿದ್ದಿದೆ.

"ಉರುಳು ಆಕು ಕಣ್ಲಾ. ಕಾಟವೂ ತಪ್ತದೆ, ಬಾಡೂ ಆಯ್ತದೆ" ಅಂದರಂತೆ. ಕಾಡುಮೊಲ ಹಿಡಿದರೆ ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆ ಎಂದು ಅಲ್ಲಿದ್ದ ಯಾರೋ ನೆನಪಿಸಿದ ಮೇಲೆ ಸಾರಿನ ಯೋಜನೆ ರದ್ದಾಯಿತು.

ಎರಡನೇ ಉಪಾಯ, ತಲೆಗೂದಲು. ಮನುಷ್ಯರ ವಾಸನೆಗೆ ಮೊಲ ಹತ್ತಿರ ಸುಳಿಯುವುದಿಲ್ಲವಂತೆ. ಮದ್ದೂರಿನ ಸಲೂನಿನಿಂದ ಎರಡು ಚೀಲ ಕೂದಲು ತಂದು ತೋಟದ ಅಂಚಿಗೆಲ್ಲ ಸುರಿದರು.

ಸಂಜೆ ಗಾಳಿ ಬೀಸಿತು. ಮದ್ದೂರಿನವರ ಕೂದಲೆಲ್ಲ ನನ್ನ ಸೊಪ್ಪಿನ ಮೇಲೆ. ಎರಡು ದಿನ ಕೂತು ಎಲೆ ಎಲೆಯಿಂದ ಆರಿಸಿದೆ.

ಮೂರನೇ ದಿನ ನೋಡಿದರೆ ಉಳಿದ ಕೂದಲ ಗುಡ್ಡೆಯ ಮೇಲೆ ಮೊಲ ಮೆತ್ತಗೆ ಮಲಗಿದೆ. ನನ್ನನ್ನು ನೋಡಿ ಎದ್ದು ಹೋಯಿತು, ಅವಸರವನ್ನೂ ಮಾಡಲಿಲ್ಲ.

ಅಷ್ಟರಲ್ಲಿ ಮರಿಹುಳ ಬಂತು. ಹುಳ ಸಾಕಿದವರಿಗೆ ಗೊತ್ತು, ಅದು ಎಳೆಗೂಸಿಗಿಂತ ಸೂಕ್ಷ್ಮ. ಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲ. ಬೀಡಿ, ಹೊಗೆಸೊಪ್ಪಿನ ವಾಸನೆ ತಗುಲಿದರೂ ವಾಂತಿ ಮಾಡಿಕೊಂಡು ಸಾಯುತ್ತದೆ.

ಅದಕ್ಕೇ ಬಾಗಿಲಲ್ಲಿ ಬೋರ್ಡ್ ಇದೆ. "ಹೊಗೆಸೊಪ್ಪು ಮುಟ್ಟಿದವರು ಒಳಗೆ ಬರಬಾರದು." ಬರೆದವರು ನಮ್ಮ ಯಜಮಾನರೇ. ಕೆಂಪು ಪೇಂಟಿನಲ್ಲಿ, ಬಹಳ ಮುದ್ದಾದ ಅಕ್ಷರ.

ಮೂರನೇ ಜ್ವರ ಮುಗಿಸಿ, ಅಂದರೆ ಪೊರೆ ಬಿಟ್ಟು, ಹುಳ ಎದ್ದ ದಿನ ಅದಕ್ಕೆ ಎಳೆ ಸೊಪ್ಪು ಬೇಕು. ಮೊಲ ತಿಂದು ಮತ್ತೆ ಚಿಗುರಿದ್ದ ಅಂಚಿನ ಸಾಲಿನಲ್ಲೇ ಎಳೆಯದು ಸಿಕ್ಕಿತು. ಸದ್ಯ, ಮೊಲದಿಂದ ಒಂದು ಉಪಕಾರವಾಯಿತು ಅಂದುಕೊಂಡು ಕೊಯ್ದು ತಂದು ಹಾಕಿದೆ.

ಮಧ್ಯಾಹ್ನ ಹೋಗಿ ನೋಡುತ್ತೇನೆ... ಮೇಲಿನ ತಟ್ಟೆಗಳಲ್ಲಿ ಹುಳ ತಲೆ ಎತ್ತಿ ತಿರುಚುತ್ತಿದೆ. ಬಾಯಲ್ಲಿ ಹಸಿರು ನೀರು. ಯಜಮಾನರನ್ನು ಕೂಗಿದೆ.

ಯಜಮಾನರು ಬಂದರು. ಹಿಂದೆಯೇ ನಿಂಗರಾಜಣ್ಣನೂ ಬಂದು ಬಾಗಿಲಲ್ಲಿ ನಿಂತು ತಪಾಸಣೆ ಶುರು ಮಾಡಿದರು.

"ಮುಟ್ಟುಗಿಟ್ಟು ಆಗಿದ್ದಾಗ ಒಳೀಕ್ ಓಗಿದ್ದೇನಕ್ಕ?"

ಹುಳ ಸತ್ತರೆ ಮೊದಲ ಅನುಮಾನ ಹೆಂಗಸಿನ ಮೇಲೆಯೇ. ನಾನು ತಟ್ಟೆಯಿಂದ ಒಂದು ಎಲೆ ಎತ್ತಿ ಮೂಸಿದೆ.

"ಅಂಚಿಗೆ ಏನ್ ಹೊಡುದ್ರಿ?" ಎಂದು ಯಜಮಾನರನ್ನು ಕೇಳಿದೆ.

ಅವರು ನಿಂಗರಾಜಣ್ಣನ ಮುಖ ನೋಡಿದರು. ನಿಂಗರಾಜಣ್ಣ ಸೂರು ನೋಡಿದರು.

"ಒಸಿ ಹೊಗೆಸೊಪ್ಪಿನ ನೀರು ಕಣೆ... ನಿನ್ನೆ ಸಂಜೆ. ಮೊಲಕ್ಕೆ ಅಂತ. ಅಂಚಿಗ್ ಮಾತ್ರ."

"ಒಂದ್ ಮಾತು ಯಾಕ್ ಹೇಳ್ಲಿಲ್ಲ?"

"ಹೇಳುದ್ರೆ ನೀನು ಬ್ಯಾಡ ಅಂತಿದ್ದೆ."

ಹೌದು. ಬೇಡ ಅನ್ನುತ್ತಿದ್ದೆ.

ನಿಂಗರಾಜಣ್ಣನಿಗೆ ಆಗಲೇ ಏನೋ ಕೆಲಸ ನೆನಪಾಯಿತು. "ಆಮ್ಯಾಕ್ ಬತ್ತೀನಿ" ಎಂದು ಹೋದವರು ಇವತ್ತಿನವರೆಗೂ ನಮ್ಮ ಬೀದಿಗೆ ಬಂದಿಲ್ಲ. ಇಡೀ ಕಥೆಯಲ್ಲಿ ಆದ ಒಳ್ಳೆಯದು ಇದೊಂದೇ.

ಸತ್ತ ಹುಳವನ್ನು ಗುಂಡಿ ತೋಡಿ ಮುಚ್ಚುವಾಗ ಅತ್ತುಬಿಟ್ಟೆ. ಕೋಪಕ್ಕೆ ಅತ್ತೆನೋ ಸಂಕಟಕ್ಕೋ ಈಗಲೂ ಗೊತ್ತಿಲ್ಲ. ಎಳೆ ಸೊಪ್ಪು ಸಾಲದೆ ಕೆಳಗಿನ ತಟ್ಟೆಗಳಿಗೆ ಒಳಸಾಲಿನದು ಹಾಕಿದ್ದೆ. ಹಾಗಾಗಿ ಅರ್ಧದಷ್ಟು ಹುಳ ಮಾತ್ರ ಉಳಿದು ಗೂಡು ಕಟ್ಟಿತು.

ಮಗಳು ಕಾಲೇಜಿಗೆ ಸೇರಿದಳು. ಹಾಸ್ಟೆಲ್ ಆಗಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಓಡುತ್ತಾಳೆ, ಮಂಡ್ಯದ ತನಕ ಬಸ್ಸಿನಲ್ಲಿ ನಿಂತೇ ಹೋಗುತ್ತಾಳೆ. ಅವಳು ಹೊರಡುವ ಹೊತ್ತಿಗೆ ಸರಿಯಾಗಿ ಅವರಪ್ಪನಿಗೆ ತೋಟದಲ್ಲಿ ಕೆಲಸವಿರುತ್ತದೆ.

ಬಲೆ ನಾನೇ ಕಟ್ಟಿದೆ. ಒಂದೇ ದಿನದ ಕೆಲಸ. ಅಡಿಯಲ್ಲಿ ನುಸುಳದ ಹಾಗೆ ಗೇಣುದ್ದ ಮಣ್ಣಿಗೆ ಹೂತಿದ್ದೇನೆ. ಮೊಲ ಹೊರಗೆ ಕೂತು ಒಂದೆರಡು ದಿನ ನೋಡಿತು, ಆಮೇಲೆ ಹೊರಟು ಹೋಯಿತು.

ಓದಲು ಬಾರದ ಮೊಲವನ್ನು ತಡೆಯಲು ಮಂಡಿಯುದ್ದದ ಬಲೆ ಸಾಕು... ಬೋರ್ಡ್ ಬರೆದವರನ್ನೇ ತಡೆಯಲು ಎಷ್ಟುದ್ದದ್ದು ಕಟ್ಟಬೇಕು, ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?