ಕೋಟಿನ ಬದಲು ಬಂದ ಡಬ್ಬಿ

ಮೊನ್ನೆ ನನ್ನ ಮೊಮ್ಮಗಳು ಶಾಲೆಯಲ್ಲಿ ಎಲ್ಲರ ಮುಂದೆ ನಿಂತು ಮಾತಾಡಿದಳು. ಆ ಹಿಗ್ಗು ತಡೆಯಲಾರದೆ ಬರೆಯಲು ಕೂತಿದ್ದೇನೆ. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಹಿಗ್ಗು ಬರೆಯಬೇಕಾದರೆ ಅದರ ಹಿಂದಿರುವ ನನ್ನ ನಾಚಿಕೆಗೇಡಿನ ಕೆಲಸವನ್ನೂ ಬರೆಯಲೇಬೇಕು.

ವಿಲಾಯತಿಯ ಇಲ್ಫರ್ಡ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ನಾಲ್ಕು ಗಂಟೆಗೆ ಮೊಮ್ಮಗಳು ಬರುತ್ತಾಳೆ, ಹದಿಮೂರು ವರ್ಷ. ನಮ್ಮ ವಿಜಯಪುರದ ಕಡೆಯಂತೆ ನನಗೆ ‘ಆಯಿ’ ಅನ್ನುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಮ್ಮ ಸಂಸಾರ ಹಾಗೇ ನಡೆದಿದೆ.

ಶಾಲೆಯಲ್ಲಿ ಅವರ ಟೀಚರ್ ಒಂದು ಕೆಲಸ ಕೊಟ್ಟಿದ್ದರು. ಯುದ್ಧ ಬೇಡವೆಂದ ದೇಶವೂ ಎರಡನೇ ಮಹಾಯುದ್ಧದಲ್ಲಿ ಹೇಗೆ ಸಿಕ್ಕಿಕೊಂಡಿತು? ತಮ್ಮ ಮನೆತನ ಬಂದ ದೇಶದ ಬಗ್ಗೆ ಒಬ್ಬೊಬ್ಬರೂ ಮೂರು ನಿಮಿಷ ಮಾತಾಡಬೇಕು, ಮನೆಯ ಒಂದು ವಸ್ತು ತಂದು ತೋರಿಸಬೇಕು. ಮನೆಯವರೂ ಬರಬಹುದು.

“ಆಯಿ, ಯಾರೂ ವಾರ್ ಬೇಕು ಅಂದಿಲ್ಲ. ಮತ್ತ ಇಂಡಿಯಾ ಹೆಂಗ ಹೋತು?”

ನಾನು ಒಗ್ಗರಣೆಗೆ ಶೇಂಗಾ ಹಾಕುತ್ತಿದ್ದೆ. ಆ ಮಾತಿಗೆ ಉತ್ತರ ನನಗೆ ಗೊತ್ತಿತ್ತು. ಅರವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ನನ್ನ ಮಗಳಿಗೂ.

“ಒಂದ ದಿನಕ್ಕ ಹೋಗಲಿಲ್ಲವ್ವಾ,” ಅಂದೆ. “ಮೊದಲ ಹುಲ್ಲು ಹೋತು.”

“ಗ್ರಾಸ್?”

ನನ್ನ ಅಪ್ಪ ಟಾಂಗಾ ಹೊಡೆಯುತ್ತಿದ್ದ. ನಾನು ಚಿಕ್ಕವಳಿದ್ದಾಗ ಕುದುರೆ ಮೈ ತಿಕ್ಕುತ್ತ ಇದನ್ನೆಲ್ಲ ಹೇಳುತ್ತಿದ್ದ. ದಿಲ್ಲಿಯಲ್ಲಿ ಬ್ರಿಟಿಷರ ದೊಡ್ಡ ಸಾಹೇಬ ಒಂದು ದಿನ ಯುದ್ಧ ಅಂದನಂತೆ. “ನಮ್ಮನ್ನ ಯಾರ ಕೇಳ್ಯಾರ? ನಾವೂ ಯುದ್ಧದಾಗ ಅದೀವಿ ಅಂತ ನಮಗ ಆಮ್ಯಾಲೆ ಗೊತ್ತಾತು,” ಅನ್ನುತ್ತಿದ್ದ. ಟಾಂಗಾ ಸ್ಟ್ಯಾಂಡಿನಲ್ಲಿ ಎಲ್ಲರೂ, ಅದು ಅವರ ಜಗಳ, ನಮಗೇನು ಅಂದರು. ಆಮೇಲೆ ಹುಲ್ಲಿನ ಗಾಡಿಗಳು ಪೇಟೆಗೆ ಬರದೆ ಸೀದಾ ರೈಲು ಸ್ಟೇಶನ್ನಿಗೆ ಹೋದವು. ಆಮೇಲೆ ಹುರುಳಿ ಸಿಗಲಿಲ್ಲ. ಆಮೇಲೆ ಖಾಕಿಯವರು ಬಂದು ಗಟ್ಟಿ ಕುದುರೆ ಆರಿಸಿ, ಗೊರಸಿಗೆ ಮುದ್ರೆ ಒತ್ತಿ ಕರೆದುಕೊಂಡು ಹೋದರು. ಅಪ್ಪನದೂ ಹೋಯಿತು. ಖಾಲಿ ಟಾಂಗಾದ ಮೇಲೆ ಕೂತವನಿಗೆ ಸೈನ್ಯಕ್ಕೆ ಭರ್ತಿ ಮಾಡಿಕೊಳ್ಳುವವ ಹೇಳಿದನಂತೆ: “ಪ್ರಾಣಿ ಬಲ್ಲವರು ಬೇಕಾಗ್ಯಾರ. ಬಂದ್ರ ನಿನ್ನ ಕುದುರೀನೂ ಸಿಕ್ಕೀತು.” ಅಪ್ಪ ಹೋದ. ಇಟಲಿ ಅನ್ನೋ ದೇಶದ ಗುಡ್ಡಗಳಲ್ಲಿ ಹೇಸರಗತ್ತೆಗಳ ಮೇಲೆ ಮದ್ದುಗುಂಡು ಹೇರಿಕೊಂಡು ಹತ್ತಿದ. ಕುದುರೆ ಸಿಗಲಿಲ್ಲ. ಒಂದು ಖಾಕಿ ಕೋಟು ಹಾಕಿಕೊಂಡು ತಿರುಗಿ ಬಂದ.

ಮೊಮ್ಮಗಳು ಬರೆದುಕೊಂಡದ್ದೇ ಬರೆದುಕೊಂಡದ್ದು. “ಆಯಿ! ಕೋಟ್ ಎಲ್ಲಿ ಅದ?”

“ಬಸ್ಸಿನ್ಯಾಗ ಕಳೀತು,” ಅಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಸುಳ್ಳು ಹೇಳುವಾಗ ಶೇಂಗಾದ ಸ್ಟೀಲ್ ಡಬ್ಬಿ ನನ್ನ ಕೈಯಲ್ಲೇ ಇತ್ತು.

ನನ್ನನ್ನು ಕೊಟ್ಟ ಮನೆ ಖಾದಿಯವರದು. ನನ್ನ ಮಾವ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ ಬಂದವರು. ಮದುವೆಯಾಗಿ ಮೊದಲ ನಾಗರ ಪಂಚಮಿಗೆ ಅಪ್ಪ ನನ್ನನ್ನು ಕರೆಯಲು ಬಂದ. ಮಳೆಗಾಲ, ಮೈಮೇಲೆ ಅದೇ ಕೋಟು, ಕಂಕುಳಲ್ಲಿ ಉಂಡಿಯ ಗಂಟು. ಮಾವ ಮನೆಯಲ್ಲಿರಲಿಲ್ಲ. ಕಟ್ಟೆಯ ಮೇಲೆ ಅವರ ಜೈಲಿನ ಗೆಳೆಯರು ಮೂವರು ಕೂತಿದ್ದರು, ಬೇರೆ ಊರವರು, ಅಪ್ಪನ ಗುರುತಿಲ್ಲ.

ಒಬ್ಬರು ನಕ್ಕರು. “ಏನಪಾ, ಯಾವ ದೊರಿ ಕೋಟು ಅದು? ನಾವು ಜೈಲಿನ್ಯಾಗ ನುಚ್ಚು ಉಣ್ಣೂ ಮುಂದ ನೀ ದೊರಿ ಮನಿ ರೊಟ್ಟಿ ತಿಂತಿದ್ದೇನು?” ಉಳಿದವರೂ ನಕ್ಕರು. ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ಕೇಳಿದರು, “ಯಾರವಾ ಇಂವ?”

ನಾನು ಅಂದೆ, “ನಮ್ಮೂರ ಟಾಂಗಾದಂವರಿ. ಅಪ್ಪ ಕಳಿಸ್ಯಾನ.”

ಅಪ್ಪ ನನ್ನ ಮುಖ ನೋಡಿದ. ಒಂದು ಗಳಿಗೆ ಅಷ್ಟೇ. ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ಹೌದ್ರಿ, ಅವರಪ್ಪಾರು ಕಳಿಸ್ಯಾರ್ರಿ. ಅಕ್ಕಾರ, ಲಗೂನ ತಯಾರಾಗ್ರಿ, ಮಳಿ ಬರ್ತದ,” ಅಂದ. ಹೆತ್ತ ಮಗಳಿಗೆ ಅಕ್ಕಾರ ಅಂದ, ರೀ ಹಚ್ಚಿದ. ದಾರಿಯಲ್ಲಿ ಮಳೆ ಹಿಡಿದಾಗ ಅದೇ ಕೋಟು ಬಿಚ್ಚಿ ನನಗೆ ಹೊದಿಸಿದ. ಸಾಯುವ ತನಕ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅಪ್ಪ ತೀರಿದ ಮೇಲೆ ಅಣ್ಣ ಆ ಕೋಟನ್ನು ನನ್ನ ಕೈಗಿಟ್ಟ, ಅಪ್ಪ ಹೇಳಿದ್ದನಂತೆ. ವಾರ ಕಳೆಯುವುದರೊಳಗೆ ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತುಕೊಂಡು ಬಂದಳು. ಮಾವನ ಮನೆಯಲ್ಲಿ ಆ ಕೋಟು ಯಾರ ಕಣ್ಣಿಗೂ ಬೀಳಬಾರದಿತ್ತು ನನಗೆ. “ತೂತು ಬಿದ್ದಾವಲ್ಲವ್ವಾ,” ಅಂದಳು ಅವಳು. ನಾನು ಅದರ ಮೇಲೆ ಎರಡು ಸೀರೆ ಇಟ್ಟು, ಮುಚ್ಚಳ ಗಟ್ಟಿ ಕೂಡುವ ಡಬ್ಬಿಯೇ ಬೇಕೆಂದು ಚೌಕಾಶಿ ಮಾಡಿದೆ. ಚೌಕಾಶಿ ಮಾಡಿದೆನಲ್ಲ! ಆ ಡಬ್ಬಿಯನ್ನು ಎಲ್ಲೂ ಬಿಡಲಿಲ್ಲ. ವಿಮಾನ ಹತ್ತುವಾಗಲೂ ಸೀರೆಯಲ್ಲಿ ಸುತ್ತಿ ತಂದೆ.

ಶಾಲೆಯಲ್ಲಿ ಮಾತಾಡಬೇಕಾದ ದಿನ ಬೆಳಿಗ್ಗೆ ಮೊಮ್ಮಗಳು ಬೂಟು ಹಾಕಿಕೊಳ್ಳುತ್ತಿದ್ದಳು. ತೋರಿಸಲು ವಸ್ತು ಇಲ್ಲ, ಕೋಟಿನ ಚಿತ್ರ ಬಿಡಿಸಿಕೊಂಡಿದ್ದಾಳೆ. ಗುಂಡಿಗಳನ್ನು ಎಷ್ಟು ಚೆಂದ ಬಿಡಿಸಿದ್ದಳೆಂದರೆ ನನಗೆ ಸುಮ್ಮನಿರಲಾಗಲಿಲ್ಲ. ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು ಎಲ್ಲಾ ಹೇಳಿದೆ. ಕಟ್ಟೆ, ಪಂಚಮಿ, ಪಾತ್ರೆಯವಳು.

ಅವಳು ಬೂಟಿನ ದಾರ ಹಿಡಿದುಕೊಂಡೇ ಕೂತಳು. “ಆಯಿ, ದಟ್ಸ್ ರಿಯಲಿ ಬ್ಯಾಡ್.”

“ಹೌದವ್ವಾ.”

“ಮುತ್ತಜ್ಜ ಅತ್ತರಾ?”

“ನನ್ನ ಮುಂದ ಅಳಲಿಲ್ಲ.”

ಅವಳು ಎದ್ದು ಅಡಿಗೆಮನೆಗೆ ಹೋಗಿ, ಶೇಂಗಾ ಬಟ್ಟಲಿಗೆ ಸುರಿದು, ಡಬ್ಬಿ ಚೀಲಕ್ಕೆ ಹಾಕಿದಳು. “ನಾನು ಇದನ್ನ ಹೇಳ್ಲಾ? ಎಲ್ಲಾ?”

ಬೇಡ ಅನ್ನಲು ಬಾಯಿ ತೆರೆದಿದ್ದೆ. “ಹೇಳು,” ಅಂದೆ.

ಮಧ್ಯಾಹ್ನ ಹೋಗಿ ಎರಡನೇ ಸಾಲಿನಲ್ಲಿ ಕೂತೆ. ಮೇಜಿನ ಮೇಲೆ ಬೇರೆಯವರ ಮನೆಯ ಪದಕಗಳು, ಬಿಲ್ಲೆಗಳು, ಒಂದು ಹಳೆ ಟೊಪ್ಪಿಗೆ. ನಮ್ಮವಳು ಅವುಗಳ ನಡುವೆ ಡಬ್ಬಿ ಇಟ್ಟು, ಇದು ನನ್ನ ಮುತ್ತಜ್ಜನ ಕೋಟು ಅಂದಳು! ಇಂಗ್ಲಿಷಿನಲ್ಲೇ ಅಂದಳು, ನನಗೆ ಅಷ್ಟು ತಿಳಿಯುತ್ತದೆ. ಎಲ್ಲರೂ ನಕ್ಕರು. ಅವಳು ಹೆದರಲಿಲ್ಲ. ದಿಲ್ಲಿಯಿಂದ ಯುದ್ಧ ಒಂದೇ ದಿನದಲ್ಲಿ ಹೊರಟಿತು, ಟಾಂಗಾ ಸ್ಟ್ಯಾಂಡಿಗೆ ನಿಧಾನ ಬಂತು, ಮೊದಲು ಹುಲ್ಲು, ಆಮೇಲೆ ಹುರುಳಿ, ಆಮೇಲೆ ಕುದುರೆ, ಆಮೇಲೆ ಮನುಷ್ಯ ಅಂತ ಬೆರಳು ಮಡಚಿ ಮಡಚಿ ಹೇಳಿದಳು. ನಗು ನಿಂತಿತು. ನನ್ನ ಎದೆ ಉಬ್ಬಿ, ಕಣ್ಣು ಮಂಜಾಗಿ, ಪಕ್ಕದ ಬಿಳಿ ಹೆಂಗಸಿನ ಕೈ ಹಿಡಿದುಬಿಟ್ಟೆ, ಗುರುತಿಲ್ಲದಾಕೆ.

ಕೋಟು ಡಬ್ಬಿಯಾದದ್ದನ್ನೂ ಹೇಳಿದಳು. ಕಟ್ಟೆಯ ಮಾತು ಬರುವ ಹೊತ್ತಿಗೆ ನನ್ನ ಕಡೆ ನೋಡಿ ನಿಲ್ಲಿಸಿದಳು, ಥ್ಯಾಂಕ್ಯೂ ಅಂದುಬಿಟ್ಟಳು. ನನ್ನನ್ನು ಉಳಿಸಿದಳು.

ಟೀಚರ್ ಏನೋ ಕೇಳಿದರು. ಮೊಮ್ಮಗಳು ಕನ್ನಡ ಮಾಡಿದಳು: “ಆಯಿ, ಕೋಟ್ ಹಾಕಿದ್ದವರು ನಿಮಗ ಯಾರು ಅಂತ ಟೀಚರ್ ಕೇಳ್ತಾರ.”

ಅದೇ ಪ್ರಶ್ನೆ. ನಾನು ಎದ್ದು ನಿಂತೆ.

“ಅಂವ ನಮ್ಮಪ್ಪ,” ಅಂದೆ. “ನಾಕು ಮಂದಿ ಮುಂದ ಹಿಂಗ ಕೇಳಿದಾಗ ಅಲ್ಲ ಅಂದಿದ್ದೆ. ನಾ ಹೇಳಿದ್ದು ಸುಳ್ಳು.”

ಮೊಮ್ಮಗಳು ಒಂದಕ್ಷರ ಬಿಡದೆ ಇಂಗ್ಲಿಷ್ ಮಾಡಿದಳು. ಅವಳ ದನಿ ಕೊನೆಗೆ ಒಡೆಯಿತು, ಆದರೂ ಬಿಡಲಿಲ್ಲ. ನನ್ನ ಬಂಗಾರ! ನಾನು ಒಳಗೆ ನುಂಗಿಟ್ಟುಕೊಂಡಿದ್ದನ್ನು ಆ ಕೂಸು ಅಷ್ಟು ಮಂದಿಯ ಮುಂದೆ ನೆಟ್ಟಗೆ ನಿಂತು ಹೇಳಿತು. ಆದರೆ ಕೇಳಬೇಕಾದವನು ಅಲ್ಲಿರಲಿಲ್ಲ. ಅದೊಂದು ಕೊರಗು ಹೋಗುವುದಿಲ್ಲ ನನಗೆ.

ಬಸ್ಸಿನಲ್ಲಿ ಬರುವಾಗ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೇಳಿದಳು, “ಆಯಿ, ಹಾರ್ಸ್ ಹೆಸರು ಏನು?”

ಅಪ್ಪ ಯಾವ ಕುದುರೆಯ ಹಿಂದೆ ಇಟಲಿ ತನಕ ಹೋದನೋ ಆ ಕುದುರೆ. ಅದರ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ.