ಯೋಸೇಫನಿಗೊಬ್ಬ ತಂಗಿ

ಬುಧವಾರ ನಮ್ಮ ಮನೆಯ ಕುಕ್ಕರ್ ಕೂಗುವಂತಿಲ್ಲ. ಬೆಳಗಿನ ತಿಂಡಿಯ ಪಾತ್ರೆ ತೊಳೆದಿಟ್ಟಲ್ಲಿಂದ ಮಧ್ಯಾಹ್ನದ ಊಟದವರೆಗೆ ಫ್ಯಾನ್ ತಿರುಗಬಾರದು, ಮಿಕ್ಸಿ ಮಾತಾಡಬಾರದು, ಮುಂಬಾಗಿಲ ಬೆಲ್ಲಿನ ಮೇಲೆ ‘ಒತ್ತಬೇಡಿ’ ಎಂಬ ಚೀಟಿ ಅಂಟಿರಬೇಕು. ಕೆಂಗೇರಿ ಉಪನಗರದ ಮೊದಲ ಮಹಡಿಯ ಮನೆಯೊಂದರಲ್ಲಿ ಇಷ್ಟು ಮೌನವನ್ನು ಕೂಡಿಹಾಕುವುದು ಸುಲಭವೆಂದು ತಿಳಿಯಬೇಡಿ. ಮೈಸೂರು ರಸ್ತೆಯ ಹಾರನ್ನುಗಳನ್ನು ತಡೆಯಲು ಕಿಟಕಿಗೆ ಚಳಿಗಾಲದ ದಪ್ಪ ರಗ್ಗು ಕಟ್ಟುತ್ತೇನೆ. ತರಕಾರಿ ಗಾಡಿಯವನ ಮೈಕು ಮಾತ್ರ ರಗ್ಗನ್ನೂ ತೂರಿಕೊಂಡು ಬಂದು ಟೊಮೆಟೊ ಬೆಲೆ ಹೇಳಿ ಹೋಗುತ್ತದೆ. ಅನ್ನಕ್ಕಿಡುವಂತಿಲ್ಲವಾದ್ದರಿಂದ ಬುಧವಾರದ ಊಟವೆಂದರೆ ಬೆಳಗಿನ ಉಪ್ಪಿಟ್ಟೇ. ನಮ್ಮ ಯಜಮಾನರು ತಟ್ಟೆ ನೋಡಿ, “ಬರಗಾಲ ಐಗುಪ್ತದಲ್ಲಿ ಅಂದಿದ್ದೆ, ನಮ್ಮನೇಗೂ ಬಂತಲ್ಲೇ” ಎನ್ನುತ್ತಾರೆ.

ಐಗುಪ್ತ, ಅಂದರೆ ಬೈಬಲ್ಲಿನ ಈಜಿಪ್ಟ್ ದೇಶ, ನಮ್ಮ ನಡುಮನೆಗೆ ಬಂದ ಬಗೆಯನ್ನು ನಿಮಗೆ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅದೇ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ ದೇವದಾಸ್ ಸಾರ್ ಈಗ ಬೈಬಲ್ಲಿನ ಕತೆಗಳನ್ನು ಲಂಬಾಣಿ ಮಾತಿಗೆ ತರುವ ಕೆಲಸ ಹಿಡಿದಿದ್ದಾರೆ. ಕಾಗದ ಪೆನ್ನಿಗೆ ಅಲ್ಲಿ ಪ್ರವೇಶವಿಲ್ಲ. ಎಲ್ಲವೂ ಬಾಯಿಂದ ಬಾಯಿಗೆ. ಸಾರ್ ಕನ್ನಡದಲ್ಲಿ ಹೇಳಿದ ಕತೆಯನ್ನು ಲಂಬಾಣಿಯನ್ನೇ ತಾಯಿಹಾಲಿನೊಂದಿಗೆ ಕುಡಿದ ಹೆಂಗಸರು ಕೇಳುತ್ತಾರೆ, ಎದ್ದು ನಿಂತು ಆಡಿ ತೋರಿಸುತ್ತಾರೆ, ಮತ್ತೆ ಮತ್ತೆ ಹೇಳಿ ತಮ್ಮದಾಗಿಸಿಕೊಂಡು ಕಡೆಗೆ ಫೋನಿಗೆ ಹೇಳುತ್ತಾರೆ. ಆಮೇಲೆ ಆ ಕತೆಯ ಗಂಧಗಾಳಿಯಿಲ್ಲದ ಒಬ್ಬರು ಅದನ್ನು ಕೇಳಿ, ಕಿವಿಗೆ ಬಿದ್ದಷ್ಟನ್ನೇ ಕನ್ನಡದಲ್ಲಿ ಮರಳಿ ಹೇಳಬೇಕು. ಕತೆಗೆ ಏನೂ ಸೇರಿರಬಾರದು, ಏನೂ ಬಿಟ್ಟುಹೋಗಿರಬಾರದು. ಆ ಒಬ್ಬರು ನಾನು. ಅಪ್ಪನಿಗೆ ವಿಜಯಪುರದ ಕಡೆ ಅಂಚೆ ಕಚೇರಿಯಲ್ಲಿ ಕೆಲಸವಿದ್ದಾಗ ಓಣಿಯ ಲಂಬಾಣಿ ಹುಡುಗಿಯರ ಜತೆ ಆಡಿ ಆಡಿ ಆ ಮಾತು ನನ್ನ ಕಿವಿಗೆ ಹತ್ತಿತ್ತು. ಬೈಬಲ್ಲನ್ನಂತೂ ತೆರೆದು ನೋಡಿದವಳಲ್ಲ. “ನಿಮಗೆ ಭಾಷೆ ಗೊತ್ತು, ಕತೆ ಗೊತ್ತಿಲ್ಲ. ನಮಗೆ ಬೇಕಾಗಿರೋದೇ ಅದು ಮೇಡಂ” ಎಂದರು ಸಾರ್. ಇಡೀ ನೌಕರಿಯಲ್ಲಿ ಯಾರೂ ನನ್ನ ಅಜ್ಞಾನವನ್ನು ಅರ್ಹತೆಯೆಂದು ಎಣಿಸಿರಲಿಲ್ಲ, ಹಿಗ್ಗಿ ಒಪ್ಪಿಕೊಂಡೆ. ಅವರ ಪ್ರಾರ್ಥನಾ ಮಂದಿರ ಮೆಟ್ರೊ ಹಳಿಯ ಮಗ್ಗುಲಲ್ಲೇ ಇರುವುದರಿಂದ ರೆಕಾರ್ಡಿಂಗೂ ನಮ್ಮ ಮನೆಗೇ ಬಂತು; ಸಾರ್ ಕನ್ನಡದಲ್ಲಿ ಕತೆ ಹೇಳಿಕೊಡುವುದು ಮಾತ್ರ ನನ್ನ ಕಿವಿಗೆ ಬೀಳದ ಹಾಗೆ ಅಲ್ಲಿಯೇ.

ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ಬದುಕಿದವಳಿಗೆ ಬರಹವಿಲ್ಲದ ಈ ಕೆಲಸ ಮೊದಮೊದಲು ಗಾಬರಿ ಹುಟ್ಟಿಸಿತು. ಬರೆದಿಡದೆ ಇಷ್ಟುದ್ದದ ಕತೆ ನೆನಪಿನಲ್ಲಿ ನಿಲ್ಲುವುದಾದರೂ ಹೇಗೆ? ನೋಡುತ್ತ ನೋಡುತ್ತ ತಿಳಿಯಿತು, ಅವರು ಕತೆಯನ್ನು ನಮ್ಮ ನಡುಮನೆಯ ತುಂಬ ಹಂಚಿಟ್ಟುಬಿಡುತ್ತಾರೆ. ದಿವಾನದ ಮೂಲೆಯಲ್ಲಿ ಬತ್ತಿದ ಬಾವಿ. ಹೊಟ್ಟೆಕಿಚ್ಚಿನ ಅಣ್ಣಂದಿರು ತಮ್ಮ ಯೋಸೇಫನನ್ನು ತಳ್ಳುವುದು ಅಲ್ಲಿಗೆ. ಚಪ್ಪಲಿ ಸ್ಟ್ಯಾಂಡಿನ ಕಡೆಯಿಂದ ವ್ಯಾಪಾರಿಗಳು ಬರುತ್ತಾರೆ, ಅಣ್ಣಂದಿರು ಅವನನ್ನು ಮೇಲೆತ್ತಿ ಅವರಿಗೆ ಮಾರುತ್ತಾರೆ. ಫ್ರಿಜ್ಜಿನ ಪಕ್ಕ ಐಗುಪ್ತ. ಅಲ್ಲಿ ಅವನು ನಾನಾ ಕಷ್ಟಪಟ್ಟು ಕಡೆಗೆ ನಾಡಿನ ಕಣಜಗಳಿಗೇ ಒಡೆಯನಾಗುತ್ತಾನೆ. ಬರಗಾಲ ಬಂದಾಗ ಅದೇ ಅಣ್ಣಂದಿರು ಕಾಳಿಗಾಗಿ ಅವನೆದುರು ಬಂದು ನಿಲ್ಲುವುದೂ ಅಲ್ಲಿಯೇ. ಅವನಿಗೆ ಅವರ ಗುರುತು ಹತ್ತುತ್ತದೆ, ಅವರಿಗೆ ಅವನದು ಹತ್ತುವುದಿಲ್ಲ. ಈಗೀಗ ಗುರುವಾರ ಕಸ ಗುಡಿಸುವಾಗಲೂ ನಾನು ದಿವಾನದ ಮೂಲೆಯನ್ನು ಸ್ವಲ್ಪ ಸುತ್ತುಬಳಸಿಯೇ ಹೋಗುತ್ತೇನೆ.

ಕತೆ ಹೇಳುವವಳ ಹೆಸರು ಸೋಮ್ಲಿಬಾಯಿ. ಐವತ್ತರ ಹತ್ತಿರದ ವಯಸ್ಸು, ಜ್ಞಾನಭಾರತಿಯ ಬಳಿ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರುಣಿಸುವ ಕೆಲಸ. ಅವಳದೇ ತಾಂಡಾದ ಜಮುನಾ ಎಂಬ ಸೊಸೆವಯಸ್ಸಿನವಳು ಜತೆಗೆ ಬಂದು ಫೋನ್ ಹಿಡಿಯುತ್ತಾಳೆ. ಮೊದಲ ಬುಧವಾರವೇ ಚಹಾ ಕುಡಿಯುತ್ತ ಸೋಮ್ಲಿಬಾಯಿ, “ಈ ಕತಿ ನಮ್ಮಣ್ಣ ಕೇಳಬೇಕ್ರೀ ಅಕ್ಕೋರ. ಅದಕ್ಕ ನಾ ಬರಾಕತ್ತೀನಿ” ಎಂದಳು. ಅಣ್ಣ ಕಿಸನ್ ತಾಂಡಾದಲ್ಲಿ ತಾಯಿಯ ಮನೆಯಲ್ಲೇ ಇದ್ದಾನೆ. ಬೆಂಗಳೂರಿಗೆ ಬಂದು ಪ್ರಾರ್ಥನೆಗೆ ಹೋಗತೊಡಗಿದ್ದ ಸೋಮ್ಲಿಬಾಯಿ, ತಾಯಿ ತೀರಿಕೊಂಡಾಗ ಊರಿಗೆ ಓಡಿದ್ದಾಳೆ. ಆದರೆ ಪೂಜೆಯ ಹೊತ್ತಿಗೆ ಕೈಮುಗಿಯದೆ ದೂರ ನಿಂತಿದ್ದಾಳೆ. ಅದು ಅಣ್ಣನಿಗೆ ತಡೆಯಲಾಗಲಿಲ್ಲ. ಅವಳು ಅವನ ಕೊರಳು ಹಿಡಿದು ಅಳಲು ಹೋದಾಗ ಅವಳ ಕೈಗಳನ್ನು ಬಿಡಿಸಿ ಹೊರಗೆ ನಡೆದುಬಿಟ್ಟನಂತೆ.

ಇದು ಎಷ್ಟು ದೊಡ್ಡ ಪೆಟ್ಟು ಎಂಬುದು ತಿಳಿಯಬೇಕಾದರೆ ಅವರ ತಾಂಡಾದ ಪದ್ಧತಿ ತಿಳಿದಿರಬೇಕು. ಬಹಳ ದಿನದ ಮೇಲೆ ತವರಿಗೆ ಬಂದ ಹೆಣ್ಣುಮಗಳು ನೀರು ಕುಡಿಯುವುದಕ್ಕೂ ಮುನ್ನ ಅಣ್ಣನ ಕೊರಳಿಗೆ ತೋಳು ಹಾಕಿ ಅಳುತ್ತಾಳೆ, ಅದೂ ರಾಗವಾಗಿ. ‘ಯಾಡೀ’ ಎಂದು ತಾಯಿಯನ್ನು ಕರೆದು ಶುರುವಾಗುವ ಆ ಅಳುವಿನಲ್ಲಿ ಈ ನಡುವೆ ಸತ್ತವರು, ಹುಟ್ಟಿದವರು, ಮಾರಿಹೋದ ಎಮ್ಮೆ, ತನಗೆ ಬಂದ ಕಷ್ಟ, ಎಲ್ಲವೂ ಒಂದೊಂದಾಗಿ ಬರುತ್ತವೆ. ಅಣ್ಣ ಕತ್ತು ಬಗ್ಗಿಸಿ ನಿಂತಿರುತ್ತಾನೆ. ಅಳು ಮುಗಿದ ಮೇಲೆಯೇ ಚೊಂಬಿನಲ್ಲಿ ನೀರು, ಆಮೇಲೆ ಊಟ. ಅಷ್ಟಾಗುವವರೆಗೆ ಬಂದವಳು ಬಂದಂತೆಯೇ ಅಲ್ಲ. ಸೋಮ್ಲಿಬಾಯಿ ತಾಯಿಯ ಸಾವಿಗೆ ಹೋಗಿಯೂ ಇನ್ನೂ ತವರು ಮುಟ್ಟಿರಲಿಲ್ಲ.

ಕತೆ ಸಿದ್ಧವಾದ ಬುಧವಾರ ನಾನು ಎಂದಿನಂತೆ ಫೋನಿನಲ್ಲಿ ಒಂದೊಂದೇ ತುಣುಕು ಕೇಳುತ್ತ ದೇವದಾಸ್ ಸಾರ್‌ಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ. ಬಾವಿ ಬಂತು, ವ್ಯಾಪಾರಿಗಳು ಬಂದರು, ಬರಗಾಲ ಬಂತು. ಯೋಸೇಫ ತನ್ನ ಆಳುಗಳನ್ನೆಲ್ಲ ಹೊರಗೆ ಕಳಿಸಿ ಅಣ್ಣಂದಿರೆದುರು ನಿಂತ. ನಾನು ಮುಂದುವರಿಸಿದೆ: “ಆಗ ಒಳಗಿನಿಂದ ಅವರ ತಂಗಿ ಬಂದಳು. ಒಬ್ಬೊಬ್ಬ ಅಣ್ಣನ ಕೊರಳನ್ನೂ ಹಿಡಿದು ಅತ್ತಳು.”

ಸಾರ್ ಕಣ್ಣು ಬಿಟ್ಟರು. “ಯಾವ ತಂಗಿ?”

“ನನಗೇನು ಗೊತ್ತು ಸಾರ್, ಬಂದಳು. ತುಂಬ ಹೊತ್ತು ಅತ್ತಳು. ಲಂಬಾಣಿಯಲ್ಲಿ ಅರ್ಧ ಕತೆಯಷ್ಟು ಉದ್ದ ಇದೆ, ನನ್ನ ಕನ್ನಡದಲ್ಲಿ ಒಂದೇ ಮಾತಾಯಿತು.”

“ಆ ಮನೇಲಿ ಹೆಣ್ಣುಮಗಳು ಒಬ್ಬಳು ಇರೋದು ನಿಜ” ಎಂದರು ಸಾರ್, ಮೆತ್ತಗೆ. “ಆದರೆ ಐಗುಪ್ತದ ಆ ಕೋಣೇಲಿ ಅವಳಿಲ್ಲ ಸೋಮ್ಲಿಬಾಯಿ. ಅಲ್ಲಿ ಅಳೋದು ಯೋಸೇಫನೇ. ಹೊರಗಿದ್ದವರಿಗೂ ಕೇಳಿಸೋ ಹಾಗೆ ಗಟ್ಟಿಯಾಗಿ ಅತ್ತ ಅಂತ ಇದೆ.”

ಸೋಮ್ಲಿಬಾಯಿ ಅವರನ್ನು ಕರುಣೆಯಿಂದ ನೋಡಿದಳು. “ಗಂಡಸು ಹಂಗ ಅಳೂದಿಲ್ರೀ ಸಾಹೇಬ್ರ. ಗಂಡಸು ಕೊರಳು ಕೊಡ್ತಾನ.”

ಅಷ್ಟು ವರ್ಷ ಅಗಲಿದವರು ಕೂಡುವ ಜಾಗದಲ್ಲಿ ಅಳಲಿಕ್ಕೆ ಒಬ್ಬ ಹೆಂಗಸಿಲ್ಲದೆ ಹೋದರೆ ಅದು ಭೇಟಿಯಾಗುವುದಾದರೂ ಹೇಗೆ ಎಂಬುದು ಅವಳ ಪ್ರಶ್ನೆ. ತನ್ನ ಜನ ಒಪ್ಪುವ ಹಾಗೆ ಕತೆಯ ಕೊರತೆಯೊಂದನ್ನು ಅವಳು ತುಂಬಿಕೊಟ್ಟಿದ್ದಳು, ಅಷ್ಟೆ. ಜಮುನಾಳಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಸಾರ್ ಮಾತ್ರ ತಮ್ಮ ನಿಯಮ ಬಿಡುವಂತಿರಲಿಲ್ಲ. ತಂಗಿಯನ್ನು ತೆಗೆಯಬೇಕಾಯಿತು. ಸೋಮ್ಲಿಬಾಯಿ ಫ್ರಿಜ್ಜಿನ ಪಕ್ಕ ನಿಂತು, “ಹಂಗಾದ್ರ ಇದು ನಮ್ಮಣ್ಣನ ಕಿವಿಗಿ ಹೋಗೂದಿಲ್ಲ” ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಮರು ಬುಧವಾರ ಬರಲಿಲ್ಲ. ನಾನು ಕಿಟಕಿಗೆ ಕಟ್ಟಿದ ರಗ್ಗನ್ನು ಹಾಗೇ ಬಿಚ್ಚಿ ಮಡಿಸಿಟ್ಟೆ.

ಆ ದಿನಗಳಲ್ಲಿ ನನಗೆ ಬರೀ ಅಳುವಿನದೇ ಯೋಚನೆ. ನೀವೇ ಹೇಳಿ, ನಮ್ಮಂಥ ಬಡಾವಣೆಯ ಜನ ಗಟ್ಟಿಯಾಗಿ ಅಳುವುದನ್ನು ಎಂದು ಬಿಟ್ಟೆವು? ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು, ಈರುಳ್ಳಿಯ ಮೇಲೆ ಹೊರಿಸಿ ಬಂದುಬಿಡುತ್ತೇವೆ. ಸಾವಿನ ಮನೆಯಲ್ಲೂ ಯಾರಾದರೂ ದನಿ ಏರಿಸಿದರೆ ಪಕ್ಕದವರು ‘ಸಮಾಧಾನ, ಸಮಾಧಾನ’ ಎಂದು ಬೆನ್ನು ಸವರಿ ಸುಮ್ಮನಾಗಿಸುತ್ತಾರೆ. ಅಳುವಿನಲ್ಲಿ ಸುದ್ದಿ ಹೇಳಬಹುದು, ದೂರು ಹೇಳಬಹುದು, ಲೆಕ್ಕ ತೀರಿಸಿ ಊಟಕ್ಕೆ ಏಳಬಹುದು ಎಂಬುದು ನನಗೆ ಹೊಸದು. ಅದಕ್ಕಿಂತ ಸೋಜಿಗವೆಂದರೆ ಎಲ್ಲಿಯದೋ ಮರುಭೂಮಿಯ ಒಂದು ಹಳೆಯ ಕತೆಗೂ ಅದು ಗೊತ್ತಿದ್ದದ್ದು. ಒಂದು ನಾಡನ್ನೇ ಆಳುವ ಗಂಡಸು ಹೊರಗಿನವರಿಗೆ ಕೇಳಿಸುವಂತೆ ಅತ್ತನೆಂದು ಹೇಳಲು ಆ ಕತೆಗಾರರು ಹಿಂಜರಿಯಲಿಲ್ಲ. ಆ ದೇವರು ನನ್ನ ದೇವರಲ್ಲ. ಆದರೂ ಆ ಕತೆಯ ಮೇಲೆ ನನಗೆ ಅಕ್ಕರೆ ಹುಟ್ಟಿತು.

ಅದರ ಮುಂದಿನ ಬುಧವಾರ ಅವಳು ಬಂದಳು. ಚಪ್ಪಲಿ ಬಿಡುತ್ತಲೇ ಸಾರ್ ಅವರನ್ನು ಕೇಳಿದಳು, “ಅಳುವಾಗ ಅಂವ ಏನಂದ?”

“ನಾನು ಯೋಸೇಫ, ನಮ್ಮಪ್ಪ ಇನ್ನೂ ಬದುಕಿದಾನಾ ಅಂದ.”

ಯಾರು ಇದ್ದಾರೆ, ಯಾರು ಇಲ್ಲ ಎಂದು ಕೇಳುವುದು ತಾಂಡಾದ ಅಳುವಿನಲ್ಲೂ ಮೊದಲ ಮಾತೇ. “ನಮ್ಮ ಹಂಗನ ಅತ್ತಾನ ಬಿಡ್ರಿ ಹಂಗಾದ್ರ” ಎಂದ ಸೋಮ್ಲಿಬಾಯಿ ಜಮುನಾಳಿಗೆ ಫೋನ್ ಹಿಡಿಯಲು ಹೇಳಿ ಫ್ರಿಜ್ಜಿನ ಪಕ್ಕ ಹೋಗಿ ನಿಂತಳು. ಈ ಸಲ ಒಳಗಿನಿಂದ ಯಾರೂ ಬರಲಿಲ್ಲ. ಯೋಸೇಫನೇ ಬಾಯಿ ತೆರೆದ, ತವರಿಗೆ ಬಂದ ಹೆಣ್ಣುಮಗಳ ದನಿಯಲ್ಲಿ. ಕಿಟಕಿಯ ರಗ್ಗು ಅದನ್ನು ತಡೆಯಲಿಲ್ಲ, ಕೆಳಮನೆಯಾಕೆ ‘ಒತ್ತಬೇಡಿ’ ಚೀಟಿಯನ್ನು ಲೆಕ್ಕಿಸದೆ ಬೆಲ್ ಒತ್ತಿ, “ಏನಾಯ್ತು ಆಂಟಿ, ಯಾರು ಹೋಗ್ಬಿಟ್ರು?” ಎಂದು ಕೇಳಿದಳು. ಹೊರಗಿದ್ದವರಿಗೂ ಕೇಳಿಸಿತು ಎಂಬ ಮಾತು ನಮ್ಮ ಮನೆಯಲ್ಲೇ ನಿಜವಾಯಿತೆಂದು ಸಾರ್‌ಗೆ ಬಹಳ ಸಂತೋಷ. ಆ ಬೆಲ್ಲಿನ ಭಾಗವನ್ನಷ್ಟೇ ಮತ್ತೆ ರೆಕಾರ್ಡ್ ಮಾಡಿದೆವು.

ಈ ಕೆಲಸದಲ್ಲಿ ಕಡೆಯದೊಂದು ಪರೀಕ್ಷೆಯಿದೆ. ಕತೆಯನ್ನು ಊರಿಗೆ ಕಳಿಸಬೇಕು; ಪ್ರಾರ್ಥನೆಗೆ ಹೋಗದ, ಕತೆ ಕೇಳಿರದ ಕೆಲವರು ಅದನ್ನು ಕೇಳಿ ತಮ್ಮ ಮಾತಿನಲ್ಲಿ ತಿರುಗಿ ಹೇಳಿ ಕಳಿಸಬೇಕು. ಅವರು ಹೇಳಿದ್ದು ಮೂಲದಂತೆಯೇ ಇದ್ದರೆ ಕತೆ ಗೆದ್ದಿತು. ಜಮುನಾ ತಾಂಡಾದಲ್ಲಿರುವ ತನ್ನ ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದಳು. ಯಾರು ಯಾರಿಗೆ ಕೇಳಿಸಬೇಕೆಂದು ಸೋಮ್ಲಿಬಾಯಿ ಹೇಳಲಿಲ್ಲ, ಜಮುನಾಳೂ ಕೇಳಲಿಲ್ಲ. ಒಂದು ಬುಧವಾರ ಉತ್ತರಗಳು ಬಂದವು. ಮೊದಲು ಒಬ್ಬ ಮುದುಕಿ, ಆಮೇಲೆ ಜಮುನಾಳ ಚಿಕ್ಕಪ್ಪ. ಇಬ್ಬರೂ ಸರಿಯಾಗಿ ಹೇಳಿದ್ದರು. ಮೂರನೆಯ ದನಿ ಬಂದಾಗ ಸೋಮ್ಲಿಬಾಯಿ ನೆಲದ ಮೇಲೆ ಕುಳಿತುಬಿಟ್ಟಳು. ಅದು ಕಿಸನ್.

ಬಾವಿ, ವ್ಯಾಪಾರಿಗಳು, ಕಣಜ, ಬರಗಾಲ, ಒಂದನ್ನೂ ಬಿಡದೆ ಹೇಳುತ್ತ ಹೋದ. ನಾನು ತುಣುಕು ತುಣುಕಾಗಿ ಸಾರ್‌ಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ. ಐಗುಪ್ತದ ಕೋಣೆ ಬಂತು. ಕಿಸನ್ ಅಲ್ಲಿಗೆ ನಿಲ್ಲಿಸಿದ. ಫೋನಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು, ಅವನ ಹಿಂದೆಲ್ಲೋ ಕುಕ್ಕರ್ ಕೂಗಿತು. ಆಮೇಲೆ ಅವನು ಹೇಳಿದ್ದನ್ನು ನಾನು ಹೇಳಿದೆ: “ಆಗ ಒಳಗಿನಿಂದ ತಂಗಿ ಬಂದಳು. ಅಣ್ಣಂದಿರು ಕೊರಳು ಕೊಟ್ಟರು.”

ಅಷ್ಟಕ್ಕೇ ಮುಗಿದಿತ್ತು. ನಾವು ತೆಗೆದುಹಾಕಿದ ತಂಗಿಯ ವಿಷಯ ತಾಂಡಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಯಮದ ಪ್ರಕಾರ ಇದು ಸೋತ ಪರೀಕ್ಷೆ; ಇಲ್ಲದ ಹೆಂಗಸೊಬ್ಬಳು ಕತೆಯೊಳಗೆ ಬಂದಿದ್ದಾಳೆ. ದೇವದಾಸ್ ಸಾರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕುಳಿತರು. “ಬೇರೆ ಒಬ್ಬರಿಗೆ ಕೇಳಿಸೋಣ ಬಿಡಿ ಮೇಡಂ” ಎಂದರು ಕಡೆಗೆ. “ಇದನ್ನ ಮಾತ್ರ ಅಳಿಸಬೇಡ ಜಮುನಾ.”

ಸೋಮ್ಲಿಬಾಯಿ ಫೋನನ್ನು ಕಿವಿಗೊತ್ತಿಕೊಂಡು ಅದೇ ಜಾಗವನ್ನು ಮತ್ತೆ ಮತ್ತೆ ಕೇಳಿದಳು. ಅಣ್ಣನ ಮಾತನ್ನು ಕೇಳುತ್ತಿದ್ದಾಳೆಂದುಕೊಂಡೆ. ಅವಳು ಕೇಳುತ್ತಿದ್ದದ್ದು ಕುಕ್ಕರನ್ನು. “ಅತ್ತಿಗಿ ಅಡಿಗಿ ಮಾಡಾಕತ್ತಾಳ್ರೀ ಅಕ್ಕೋರ. ಅಣ್ಣ ನಮ್ಮವ್ವನ ಮನ್ಯಾಗ ಕುಂತು ಹೇಳ್ಯಾನ” ಎಂದಳು. ನಾವು ರಗ್ಗು ಕಟ್ಟಿ, ಫ್ಯಾನ್ ಆರಿಸಿ, ಉಪ್ಪಿಟ್ಟು ತಿಂದು ಇಷ್ಟು ದಿನ ಹೊರಗಟ್ಟಿದ ಸದ್ದು ಅದು. ಹೊರಡುವಾಗ, “ಬರೂ ಬುಧವಾರ ನಾ ಬರೂದಿಲ್ರೀ, ಊರಿಗಿ ಹೋಗ್ತೀನಿ” ಎಂದಳು.

ಊರಿನಿಂದ ಫೋನೂ ಬರಲಿಲ್ಲ, ಏನಾಯಿತೆಂಬ ಸುದ್ದಿಯೂ ಬರಲಿಲ್ಲ. ನಾನು ಜಮುನಾಳನ್ನು ಕೇಳಲು ನಾಲ್ಕು ಸಲ ಹೊರಟು ನಾಲ್ಕು ಸಲ ಸುಮ್ಮನಾದೆ. ಅದರಾಚೆಯ ಬುಧವಾರ ಮತ್ತೆ ರಗ್ಗು ಕಟ್ಟಿ, ಫ್ಯಾನ್ ಆರಿಸಿ, ಚೀಟಿ ಅಂಟಿಸಿ ಕಾದೆ. ಸೋಮ್ಲಿಬಾಯಿ ಬಂದಳು. ಸಾರ್ ಹೊಸ ಕತೆ ಶುರುಮಾಡೋಣವೇ ಎಂದರು. ಅವಳು ಫ್ರಿಜ್ಜಿನ ಪಕ್ಕ ನಿಂತು ಬಾಯಿ ತೆರೆದಳು; ದನಿಯೇ ಹೊರಡಲಿಲ್ಲ. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಗಂಟಲನ್ನು ಮುಟ್ಟಿ ತೋರಿಸಿ, ಇಲ್ಲವೆಂದು ಕೈಯಾಡಿಸಿ, ಗಾಳಿಯಲ್ಲೇ ಒಂದು ಕೊರಳಿಗೆ ತೋಳು ಹಾಕಿದಂತೆ ಮಾಡಿ, ಸೆರಗು ಬಾಯಿಗೆ ಹಿಡಿದು ನಕ್ಕಳು.

ಅಂದು ರೆಕಾರ್ಡಿಂಗ್ ಆಗಲಿಲ್ಲ. ನಾನು ರಗ್ಗು ಬಿಚ್ಚಿ ಕಿಟಕಿ ತೆರೆದೆ, ಎಲ್ಲರಿಗೂ ಆಗುವಷ್ಟು ಅಕ್ಕಿ ತೊಳೆದು ಕುಕ್ಕರ್ ಇಟ್ಟೆ. ಅದು ಕೂಗಿತು. ಕೂಗಿದಷ್ಟು ಕೂಗಲಿ ಎಂದು ಬಿಟ್ಟೆ.