ಭಾಗಮ್ಮನ ಬಲ್ಬಿನ ಕಪಾಟು

ಚಿಕ್ಕಮಗಳೂರಿನ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವನು ನಾನು. ಆದರೆ ಲ್ಯಾಬಿನ ಯಜಮಾನಿಕೆ ಮಾತ್ರ ಅಟೆಂಡರ್ ಭಾಗಮ್ಮನವರದು. ಮೊದಲು ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ಮೈಲುತುತ್ತಕ್ಕೆ ಸುಣ್ಣ ಬೆರೆಸಿ, ಕಾಫಿಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುತ್ತಿದ್ದರು. ಅಲ್ಲೇ ಒಂದು ದಿನ ಸುಣ್ಣ ಸಿಡಿದು ಎಡಗಣ್ಣು ಹೋಯಿತು. ಲ್ಯಾಬಿಗೆ ಬಂದು ಇಪ್ಪತ್ತೆರಡು ವರ್ಷ. ಕಾಪರ್ ಸಲ್ಫೇಟ್ ಎಂದು ನಾನು ಎಷ್ಟು ತಿದ್ದಿದರೂ ಅವರಿಗದು ಮೈಲುತುತ್ತವೇ. ಆ ವಿಷಯಕ್ಕೆ ನಾವು ಜಗಳವಾಡದ ವಾರವಿಲ್ಲ.

ಮಳೆಗಾಲದಲ್ಲಿ ಅವರ ದರ್ಬಾರು ಬಲ್ಬಿನ ಕಪಾಟಿನದು. ಇಲ್ಲಿನ ಥಂಡಿಗೆ ಉಪ್ಪು ನೀರಾಗುತ್ತದೆ, ಮೈಕ್ರೋಸ್ಕೋಪಿನ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಮರದ ಕಪಾಟಿನೊಳಗೆ ಇಡೀ ದಿನ ಬಲ್ಬು ಉರಿಸಿ, ಬೆಲೆಬಾಳುವ ಬಾಟಲಿಗಳಿಗೆ ಬಿರಡೆ ಬಿಗಿದು, ದಾರ ಸುತ್ತಿ ಅದರಲ್ಲಿಡುತ್ತಾರೆ. ಜೋಪಾನ ಅಂದರೆ ಭಾಗಮ್ಮನವರಿಗೆ ಇದೇ.

ಕಳೆದ ಆಗಸ್ಟಿನಲ್ಲಿ ಬಿಎಸ್ಸಿ ಮಕ್ಕಳಿಗೆ ತಾಮ್ರದ ಹೈಡ್ರೈಡ್ ತೋರಿಸುವ ಹುಚ್ಚು ನನಗೆ ಹಿಡಿಯಿತು. ಎರಡು ಸಲ ಕೆಟ್ಟಿತು. ಮೂರನೇ ಸಲ, ಮೈಲುತುತ್ತದ ನೀರಿಗೆ ಹೈಪೊಫಾಸ್ಫರಸ್ ಆಮ್ಲ ಬೆರೆಸಿ ಹದವಾಗಿ ಬೆಚ್ಚಗಿಟ್ಟಾಗ, ನೀಲಿ ಹೋಗಿ ಹಳದಿ ಕಂಡು, ಕೊನೆಗೆ ಕೆಂಗಂದು ಗಸಿ ಇಳಿಯಿತು. ಕುಣಿಯುವುದೊಂದು ಬಾಕಿ! ಮಹಾ ಚಂಚಲ ವಸ್ತು ಅದು. ಒದ್ದೆಯಾಗಿ, ತಣ್ಣಗಿದ್ದರೆ ಒಂದಷ್ಟು ಹೊತ್ತು ಬಾಳುತ್ತದೆ. ಬಿಸಿ ತಾಗಿದರೆ ತಾಮ್ರ ತಳದಲ್ಲುಳಿದು ಹೈಡ್ರೋಜನ್ ಅನಿಲ ಎದ್ದು ಹೊರಡುತ್ತದೆ. ಒಣಗಿದರಂತೂ ಗಾಳಿ ತಾಗಿದ್ದಕ್ಕೇ ಹೊತ್ತಿಕೊಳ್ಳಬಹುದು. ಗಸಿ ತೊಳೆದು, ನೀರಿನ ಸಮೇತ ಬಾಟಲಿಗೆ ಸುರಿದೆ. ಐಸಿನ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಅಷ್ಟರಲ್ಲಿ ಮೀಟಿಂಗಿಗೆ ಕರೆ ಬಂತು.

"ಭಾಗಮ್ಮ, ಇದನ್ನ ಜೋಪಾನವಾಗಿ ಎತ್ತಿಡಿ," ಎಂದು ಓಡಿದೆ.

ಎರಡು ಗಂಟೆ ಬಿಟ್ಟು ಬಂದರೆ, ಭಾಗಮ್ಮ ಕಪಾಟಿನ ಮುಂದೆ ಆ ಬಾಟಲಿಯನ್ನು ಮುಖದ ಹತ್ತಿರ ಹಿಡಿದು ನಿಂತಿದ್ದಾರೆ. ಬಿರಡೆಯ ಮೇಲೆ ದಾರ. ಒಳಗೆ ಗುಳ್ಳೆಗಳು ಬುಳುಬುಳು ಏಳುತ್ತಿವೆ.

"ನಿರಂಜನ ಸಾರ್, ಇದು ಕುದೀತಾ ಇದೆ ನೋಡಿ! ದಾರ ಬಿಚ್ಲಾ?"

"ಬೇಡ! ಮುಟ್ಬೇಡಿ!" ಎಂದು ಕಿರುಚಿದೆ. ಕೈಯಲ್ಲಿ ಹಿಡಿದವರಿಗೆ ಮುಟ್ಟಬೇಡಿ ಎನ್ನುವ ನನ್ನಂಥ ಮುಠ್ಠಾಳ ಇನ್ನೊಬ್ಬನಿಲ್ಲ. ಅನಿಲ ತುಂಬಿದ ಬಾಟಲಿ ಯಾವ ಗಳಿಗೆಯಲ್ಲಾದರೂ ಒಡೆಯುವುದಿತ್ತು. ಗಾಜಿನ ಒಂದೇ ಒಂದು ಚೂರು ತಾಗಿದರೂ ಸಾಕು, ಉಳಿದ ಕಣ್ಣೂ ಹೋಗುತ್ತಿತ್ತು. ಬಾಗಿಲಿಗೆ ಬಂದಿದ್ದ ಮಕ್ಕಳನ್ನು ಹೊರಗಟ್ಟಿದೆ.

"ಸಿಡಿಯತ್ತೆ ಭಾಗಮ್ಮ. ಮೆಲ್ಲಗೆ ಮರಳಿನ ಬಕೆಟ್ಟಿಗೆ ಇಳಿಸಿ. ಅಲುಗಾಡಿಸ್ಬೇಡಿ."

ಬಕೆಟ್ಟು ಆರು ಹೆಜ್ಜೆ ದೂರ. ನಾನು ಮುಂದೆ ಹೋದೆ.

"ಅಲ್ಲೇ ನಿಲ್ಲಿ ಮಾರಾಯ್ರೆ, ಇಬ್ರೂ ಯಾಕೆ?" ಎಂದು ಗದರಿದರು. ಬಾಟಲಿಯನ್ನು ಎಡಗೈಗೆ ದಾಟಿಸಿ, ತೋಳು ಚಾಚಿ, ಮುಖವನ್ನು ಬಲಕ್ಕೆ ತಿರುಗಿಸಿಕೊಂಡರು. "ಈ ಕಡೇದು ಹೇಗೂ ಹೋದದ್ದೇ ಅಲ್ವಾ."

ಅಯ್ಯೋ, ಆ ಆರು ಹೆಜ್ಜೆ! ಬಾಟಲಿ ಮರಳಿನಲ್ಲಿ ಕೂತದ್ದೇ ತಡ, ಬಾಗಿಲಲ್ಲಿ ಕಾಲೊರೆಸಲು ಹಾಸಿದ್ದ ಒದ್ದೆ ಗೋಣಿ ಅದರ ಮೇಲೆ ಎಸೆದು, ಅವರ ತೋಳು ಹಿಡಿದು ಬಾಗಿಲಾಚೆ ಎಳೆದೆ. ಹಿಂದೆಯೇ ಧಡ್ ಎಂದಿತು. ಗೋಣಿ ಹಾರಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ಹೆದರಿಕೆಯೆಲ್ಲ ಸಿಟ್ಟಾಗಿ ಬಂತು. "ಬುದ್ಧಿ ಇದೆಯಾ ನಿಮಗೆ? ಅದನ್ನ ಬಿಸಿಯಲ್ಲಿ ಇಡೋದಾ? ಬಿರಡೆ ಬೇರೆ ಬಿಗಿದು?"

ಭಾಗಮ್ಮ ಸೆರಗಿನಿಂದ ಬಲಗಣ್ಣು ಒರೆಸಿಕೊಂಡರು. ಬೆರಳುಗಳನ್ನು ಅದರ ಮುಂದೆ ಆಡಿಸಿ ನೋಡಿಕೊಂಡರು.

"ಜೋಪಾನ ಅಂದ್ರಿ. ನಂಗೆ ಗೊತ್ತಿರೋ ಜೋಪಾನ ನಾನು ಮಾಡ್ದೆ. ತಣ್ಣಗಿಡಿ, ಬಿಗೀಬೇಡಿ ಅಂತ ಎರಡು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್?"

ಆ ವಸ್ತುವಿನ ಗುಣವನ್ನೆಲ್ಲ ಮಕ್ಕಳಿಗಾಗಿ ಬೋರ್ಡಿನ ತುಂಬ ಬರೆದಿದ್ದೆ. ದಿನಾ ಬಾಟಲಿ ಎತ್ತಿಡುವವರಿಗೆ, ಅದರೊಳಗಿನದು ಏನು ಮಾಡೀತು ಎಂದು ಒಂದು ದಿನವೂ ಹೇಳಿರಲಿಲ್ಲ.